ತಪಾಸಣೆ ನಿಂತಿತೆಂದರೆ ಗಣಕಯಂತ್ರ ಕೆಟ್ಟಿದೆಯೆಂದಲ್ಲ

ನನ್ನಲ್ಲಿ ಲೆಕ್ಕಪರಿಶೋಧನೆ ಮಾಡಿಸುವ ಸಣ್ಣ ಉದ್ದಿಮೆದಾರರೊಬ್ಬರು ದಾಸ್ತಾನು ಲೆಕ್ಕಕ್ಕಾಗಿ ಲಿನಕ್ಸ್‌ನಲ್ಲಿ ನಡೆಯುವ ತಂತ್ರಾಂಶವೊಂದನ್ನು ಬರೆಸಿಕೊಂಡಿದ್ದರು. ಬೆಳಿಗ್ಗೆ ಸರಾಗವಾಗಿ ನಡೆಯುತ್ತಿದ್ದ ಅದು ಸಂಜೆಯ ವೇಳೆಗೆ ನಿಧಾನವಾಗಿ, ಕೊನೆಗೆ ನಿಂತುಬಿಡುತ್ತಿತ್ತು. ದೋಷ ಹುಡುಕಲು ‘ವಾಲ್‌ಗ್ರಿಂಡ್’ ಎಂಬ ತಪಾಸಣಾ ಸಾಧನವನ್ನು ಬಳಸಿದಾಗ, ಗುರುತಿಸಲಾಗದ ಆದೇಶವೊಂದು ಎದುರಾಗಿದೆ ಎಂಬ ಸಂದೇಶದೊಡನೆ ತಪಾಸಣೆ ಅರ್ಧದಲ್ಲೇ ನಿಂತಿತು. ಗಣಕಯಂತ್ರವನ್ನೇ ಬದಲಾಯಿಸುವಂತೆ ಅವರಿಗೆ ಸಲಹೆ ಬಂದಿತು. ಹಣ ಹೂಡುವ ಮುನ್ನ ಅವರು ವಿಚಾರಿಸಿದ್ದು ಒಳ್ಳೆಯದೇ ಆಯಿತು.

ಪ್ರೊಸೆಸರಿನ ಹೊಸ ಪೀಳಿಗೆಗಳಿಗೆ ಆಗಾಗ ಕೆಲವು ಹೊಸ ಆದೇಶಗಳು ಸೇರುತ್ತವೆ. ವಾಲ್‌ಗ್ರಿಂಡ್ ತಂತ್ರಾಂಶವನ್ನು ನೇರವಾಗಿ ಪ್ರೊಸೆಸರಿಗೆ ಒಪ್ಪಿಸುವುದಿಲ್ಲ. ಅದರ ಆದೇಶಗಳನ್ನು ಓದಿ, ತನ್ನದೇ ಭಾಷೆಗೆ ಪರಿವರ್ತಿಸಿ, ಮೆಮೊರಿ ಬಳಕೆಯ ಪರೀಕ್ಷೆಯನ್ನು ಸೇರಿಸಿ ನಡೆಸುತ್ತದೆ. ಆದುದರಿಂದ ಪ್ರೊಸೆಸರಿಗೆ ತಿಳಿದ ಆದೇಶ ಸಾಧನಕ್ಕೂ ತಿಳಿದಿರಬೇಕು. ಎವಿಎಕ್ಸ್ ಆದೇಶಗಳುಳ್ಳ ಇಂಟೆಲ್ ಪ್ರೊಸೆಸರುಗಳು 2011ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದವು. ವಾಲ್‌ಗ್ರಿಂಡ್ ಅವನ್ನು ಕಲಿತದ್ದು 2012ರ ಆಗಸ್ಟ್‌ನ 3.8 ಆವೃತ್ತಿಯಲ್ಲಿ. ನಂತರದ ಎವಿಎಕ್ಸ್-512 ವಿಷಯದಲ್ಲಿ ಈ ಅಂತರ ಹಲವು ವರ್ಷಗಳಿಗೆ ಬೆಳೆಯಿತು.

ದಾಖಲೆಗಳು ದೊರೆಯದಿದ್ದಾಗ ಲೆಕ್ಕಪರಿಶೋಧಕನು ಅಭಿಪ್ರಾಯ ನೀಡಲು ನಿರಾಕರಿಸಬಹುದು. ಅದರಿಂದ ಲೆಕ್ಕ ಸುಳ್ಳೆಂದೂ ಆಗದು, ಸರಿಯೆಂದೂ ಆಗದು. ಅರ್ಧಕ್ಕೆ ನಿಂತ ತಪಾಸಣೆಯೂ ಹಾಗೆಯೇ. ಇಂತಹ ಸಂದರ್ಭದಲ್ಲಿ ಮಾಡಬೇಕಾದುದು ಇಷ್ಟು:

1. ಮೊದಲು ತಪಾಸಣಾ ಸಾಧನದ ಇತ್ತೀಚಿನ ಆವೃತ್ತಿಯನ್ನು ಬಳಸಿ ನೋಡಬೇಕು.

2. ಅದು ಫಲಿಸದಿದ್ದರೆ, ಅದೇ ಮೂಲ ಬರಹದಿಂದ ಸಾಮಾನ್ಯ ಆದೇಶಗಳನ್ನಷ್ಟೇ ಬಳಸುವ ಪ್ರತಿಯನ್ನು ಸಿದ್ಧಪಡಿಸಿ ಪರೀಕ್ಷಿಸಬೇಕು. ತಂತ್ರಾಂಶವನ್ನು ಕಂಪೈಲ್ ಮಾಡುವಾಗ ‘ಈ ಯಂತ್ರಕ್ಕೆಂದೇ’ ಎಂಬ ಆಯ್ಕೆ ಕೊಟ್ಟಿದ್ದರೆ ಅದನ್ನು ತೆಗೆಯುವುದೇ ಇದರ ಮುಖ್ಯ ಕ್ರಮ.

3. ತಪಾಸಣೆ ಕೊನೆಯವರೆಗೆ ನಡೆಯದೆ ‘ಪರೀಕ್ಷಿಸಲಾಗಿದೆ’ ಎಂಬ ಮಾತನ್ನು ಒಪ್ಪಬಾರದು.

ನಮ್ಮ ಉದ್ದಿಮೆದಾರರಿಗೆ ಎರಡನೆಯ ಕ್ರಮವೇ ಫಲಿಸಿತು. ಪ್ರತಿ ನಮೂದಿಗೂ ಪಡೆದ ಮೆಮೊರಿಯನ್ನು ತಂತ್ರಾಂಶವು ಹಿಂತಿರುಗಿಸುತ್ತಿರಲಿಲ್ಲ. ದೋಷ ಅಲ್ಲಿತ್ತು, ಯಂತ್ರದಲ್ಲಿ ಅಲ್ಲ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಹೊಸ ಯಂತ್ರಕ್ಕೆಂದೇ ಸಿದ್ಧಪಡಿಸಿದ ಪ್ರತಿ ಅಂಗಡಿಯ ಹಳೆಯ ಗಣಕಯಂತ್ರದಲ್ಲಿ ಇದೇ ಕಾರಣಕ್ಕೆ ನಿಂತುಹೋಗಬಹುದು. ಆದುದರಿಂದ ತಂತ್ರಾಂಶ ಬರೆಸುವ ವರ್ತಕ ಬಾಂಧವರು ಅದು ಯಾವ ಯಂತ್ರಗಳಲ್ಲಿ ನಡೆಯಬೇಕೆಂಬುದನ್ನು ಒಪ್ಪಂದದಲ್ಲೇ ನಮೂದಿಸಿ, ಪೂರ್ಣ ತಪಾಸಣಾ ವರದಿ ಕೈಸೇರಿದ ಬಳಿಕವೇ ಕೊನೆಯ ಕಂತನ್ನು ಪಾವತಿಸುವುದು ಲೇಸು.