ವಾಹನವಿದ್ಯೆಗೂ ಗುರುವು ಬೇಡವೇ?

೨೦೨೧ರಿಂದ ಆಧಾರ್ ಉಳ್ಳವರು ಕಲಿಕಾ ಲೈಸೆನ್ಸಿನ ಪರೀಕ್ಷೆಯನ್ನು ಮನೆಯಲ್ಲಿಯೇ ಕೊಡಬಹುದಾಗಿದೆ. ಯಲಬುರ್ಗಾ ಸೀಮೆಯ ಕೂಲಿಕಾರನಿಗೆ ಕೊಪ್ಪಳದ ಕಚೇರಿಗೆ ಅಲೆಯುವ ಶ್ರಮವು ತಪ್ಪಿತೆಂಬುದು ನಿಜವೇ. ಆದರೆ ಪಕ್ಕದಲ್ಲಿ ಕುಳಿತವನು ಉತ್ತರ ಹೇಳಿಕೊಟ್ಟರೆ ಅದು ಯಾರ ಪರೀಕ್ಷೆ? ಗಂಗಾವತಿಯ ಭತ್ತದ ಲಾರಿಗಳ ನಡುವೆ, ಕುಷ್ಟಗಿಯ ಹೆದ್ದಾರಿಯ ಮೇಲೆ, ಎರವಲು ಉತ್ತರವು ಪ್ರಾಣವನ್ನು ಕಾಯಲಾರದು.

ಅದೇ ವರ್ಷದ ಮಾನ್ಯತಾ ಕೇಂದ್ರಗಳ ನಿಯಮವು ಲಘು ವಾಹನಕ್ಕೆ ೨೯ ಗಂಟೆಗಳ ಶಿಕ್ಷಣವನ್ನು ವಿಧಿಸಿದೆ: ೮ ಗಂಟೆ ಪಾಠ, ೨೧ ಗಂಟೆ ಚಾಲನೆ. ಅಂಥ ಕೇಂದ್ರಕ್ಕೆ ಎಕರೆಗಟ್ಟಲೆ ನೆಲ ಬೇಕು. ಒಂದೇ ಕಾರನ್ನು ನಂಬಿದ ತಾಲೂಕಿನ ಶಾಲೆಗೆ ಅದೆಲ್ಲಿಯದು?

ಮನೆಯ ಪರೀಕ್ಷೆಯು ನಿಲ್ಲಲಿ. ಪಾಠವು ಊರ ಶಾಲೆಯಲ್ಲಿ, ಪರೀಕ್ಷೆಯು ತಾಲೂಕಿಗೇ ಬಂದ ಅಧಿಕಾರಿಯೆದುರು ನಡೆಯಲಿ. ಹಾಜರಿ ಪುಸ್ತಕದಲ್ಲಿ ಮಾತ್ರ ಪಾಠ ಹೇಳುವ ಶಾಲೆಗೆ ದಾಕ್ಷಿಣ್ಯವು ಸಲ್ಲದು.