ಕಥೆ ಹೇಳುವ ‘ನಾನು’ ಯಾರು?

ಪ್ರಶ್ನೆ: ಕಥೆಯಲ್ಲಿ ಬರುವ ‘ನಾನು’ ಲೇಖಕರೇ? ‘ಅವನು’ ಎಂದು ಬರೆದರೆ ಏನು ಬದಲಾಗುತ್ತದೆ?

ಉತ್ತರ: ಲೇಖಕರೇ ಆಗಬೇಕೆಂದಿಲ್ಲ, ಕುದುರೆಯೂ ಆಗಬಹುದು! ಆನಾ ಸ್ಯೂವೆಲ್ ಅವರ ‘ಬ್ಲ್ಯಾಕ್ ಬ್ಯೂಟಿ’ (1877) ಕಾದಂಬರಿಯನ್ನು ಹೇಳುವುದು ಕುದುರೆಯೇ. ಗಾಡಿಯ ಕುದುರೆ ಠೀವಿಯಿಂದ ಕಾಣಲೆಂದು ಆಗ ಅದರ ತಲೆಯನ್ನು ಮೇಲಕ್ಕೆಳೆದು ಬಿಗಿಯುತ್ತಿದ್ದರು. ಗಾಡಿಯಲ್ಲಿ ಕೂತವರಿಗೆ ಅದು ಅಂದ. ದಿಬ್ಬ ಹತ್ತುವಾಗ ಬೆನ್ನು, ಕಾಲು ಎಷ್ಟು ಸೋಲುತ್ತವೆಂದು ತಿಳಿಯುವುದು ಕುದುರೆಯ ಬಾಯಿಂದ ಕೇಳಿದಾಗಲೇ.

ಆದರೆ ‘ನಾನು’ ಇನ್ನೊಬ್ಬರ ಮನಸ್ಸಿನೊಳಗೆ ಹೋಗಲಾರದು. ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯಲ್ಲಿ ಹಳ್ಳಿಯ ಯುವಕ ಮಂದಣ್ಣನನ್ನು ನಾವು ಕಾಣುವುದು ನಿರೂಪಕನ ಕಣ್ಣಿಂದ ಮಾತ್ರ. ಕರ್ವಾಲೊ ಅವರಂಥ ದೊಡ್ಡ ವಿಜ್ಞಾನಿಗೆ ಇವನಲ್ಲಿ ಏನು ಕಂಡಿತೋ ಎಂಬ ನಿರೂಪಕನ ಬೆರಗು ನಮ್ಮದೂ ಆಗುತ್ತದೆ. ‘ಅವನು’ ಎಂದು ಬರೆದರೆ ಲೇಖಕರು ಎಲ್ಲರ ಮನಸ್ಸಿಗೂ ಹೋಗಿಬರಬಹುದು. ನಿಮಗಿಷ್ಟವಾದ ಕಥೆಯ ಒಂದು ಪುಟವನ್ನು ಬೇರೊಂದು ಪಾತ್ರದ ಬಾಯಲ್ಲಿ ಬರೆದುನೋಡಿ.