ಪದಕದ ಅಂಚಿನಲ್ಲಿ ಒಂದು ಹೆಸರು

ಹಳೆಯ ಸೈನಿಕ ಪದಕ, ಟೋಪಿಯ ಬಿಲ್ಲೆ, ಕೋಟಿನ ಗುಂಡಿ, ತೋಳಿನ ಪಟ್ಟಿ ಇವನ್ನೆಲ್ಲ ಗುರುತಿಸುವುದು ಒಂದು ಶಾಸ್ತ್ರವೇ ಆಗಿ ಬೆಳೆದಿದೆ. ವಸ್ತು ಯಾವ ಲೋಹದ್ದು, ಯಾವ ಟಂಕಸಾಲೆಯಲ್ಲಿ ಅಚ್ಚಾಯಿತು, ಯಾವ ಕಾಲದ ಕಿರೀಟ ಅದರ ಮೇಲಿದೆ, ಯಾವ ಪಲ್ಟನ್ನಿಗೆ ಸೇರಿದ್ದು ಎಂಬುದನ್ನು ಒಂದೊಂದಾಗಿ ಬಿಡಿಸುತ್ತ ಹೋದರೆ ಕೊನೆಗೆ ಒಬ್ಬ ಮನುಷ್ಯನ ಬಳಿ ಹೋಗಿ ನಿಲ್ಲಬಹುದು. ಉತ್ತರ ಕರ್ನಾಟಕದ ಎಷ್ಟೋ ಮನೆಗಳ ಟ್ರಂಕಿನ ತಳದಲ್ಲಿ ಮುತ್ಯಾನದೋ ಅವರಪ್ಪನದೋ ಇಂಥ ಬಿಲ್ಲೆಗಳು ಇನ್ನೂ ಇವೆ. ಅವು ಏನೆಂದು ಮನೆಯವರಿಗೇ ತಿಳಿಯದೆ ಪತ್ತಾರರ ಮೂಸೆ ಸೇರಿದವುಗಳ ಲೆಕ್ಕ ಯಾರಲ್ಲೂ ಇಲ್ಲ.

ಕನ್ನಡ ನೆಲದ ಯುದ್ಧಗಳಿಗೆ ಸಂಬಂಧಿಸಿದ ಪದಕಗಳು 18ನೇ ಶತಮಾನದಷ್ಟು ಹಳೆಯವು. ಟಿಪ್ಪು ಸುಲ್ತಾನನ ವಿರುದ್ಧ ನಡೆದ ಮೂರನೆಯ ಮೈಸೂರು ಯುದ್ಧದ ನಂತರ ಈಸ್ಟ್ ಇಂಡಿಯಾ ಕಂಪನಿ ತನ್ನ ಭಾರತೀಯ ಸಿಪಾಯಿಗಳಿಗೆ ಚಿನ್ನ ಮತ್ತು ಬೆಳ್ಳಿಯ ಪದಕ ಹಂಚಿತು. ಕೋಟೆಯ ಎದುರು ನಿಂತ ಸಿಪಾಯಿಯೊಬ್ಬ ಬ್ರಿಟಿಷ್ ಬಾವುಟ ಹಿಡಿದು, ಕೆಡವಿದ ತೋಪಿನ ಮೇಲೆ ಕಾಲಿಟ್ಟ ಚಿತ್ರ ಅದರ ಮೇಲಿದೆ. ಅದನ್ನು ದಾರದಲ್ಲಿ ಪೋಣಿಸಿ ಕೊರಳಿಗೆ ಹಾಕಿಕೊಳ್ಳುತ್ತಿದ್ದರು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಬಂದ ಪದಕ ಇದಕ್ಕಿಂತ ಪ್ರಸಿದ್ಧ. ಬ್ರಿಟಿಷ್ ಸಿಂಹವೊಂದು ಹುಲಿಯನ್ನು ನೆಲಕ್ಕೆ ಕೆಡವಿರುವ ಚಿತ್ರ ಅದರದು. ಹುಲಿ ಟಿಪ್ಪುವಿನ ಲಾಂಛನವಾದ್ದರಿಂದ ಅರ್ಥ ಯಾರಿಗೂ ಅಡಗಿರಲಿಲ್ಲ. ಮತ್ತೊಂದು ಬದಿಯಲ್ಲಿ ಕೋಟೆಗೆ ಲಗ್ಗೆ ಹಾಕುವ ದೃಶ್ಯವಿದೆ. ಬರ್ಮಿಂಗ್‌ಹ್ಯಾಮಿನ ಸೋಹೋ ಟಂಕಸಾಲೆಯಲ್ಲಿ ಕ್ಯೂಖ್ಲರ್ ಎಂಬ ಕೆತ್ತನೆಗಾರ ಇದರ ಅಚ್ಚು ಮಾಡಿದ. ದೊಡ್ಡ ಜನರಲ್‌ಗಳಿಗೆ ಚಿನ್ನ, ಅವರ ಕೆಳಗಿನವರಿಗೆ ಚಿನ್ನದ ನೀರು ಹಾಯಿಸಿದ ಬೆಳ್ಳಿ, ಕ್ಯಾಪ್ಟನ್ ಮಟ್ಟದವರಿಗೆ ಬೆಳ್ಳಿ, ಹವಾಲ್ದಾರ ಮಟ್ಟದವರಿಗೆ ಕಂಚು, ಸಾಮಾನ್ಯ ಸಿಪಾಯಿಗೆ ತವರ. ಪದಕ ಕೈಗೆ ಬಂದ ಕೂಡಲೇ ಅದರ ಲೋಹವೇ ಅದನ್ನು ಪಡೆದವನ ದರ್ಜೆ ಹೇಳಿಬಿಡುತ್ತದೆ. ಸೋಹೋದ ಮೂಲ ಪದಕದ ಅಡ್ಡಳತೆ ಸುಮಾರು 48 ಮಿಲಿಮೀಟರ್. ಕಲ್ಕತ್ತೆಯಲ್ಲಿ ಮಾಡಿದ್ದು ಸುಮಾರು 45. ಅಳತೆಪಟ್ಟಿಯೊಂದಿದ್ದರೆ ಎರಡನ್ನೂ ಬೇರ್ಪಡಿಸಬಹುದು. ಆದರೆ ಈ ಪದಕಗಳನ್ನು ಕೊಡುವಾಗ ಅವುಗಳ ಮೇಲೆ ಪಡೆದವನ ಹೆಸರು ಬರೆಯುತ್ತಿರಲಿಲ್ಲ. ಹಾಗಾಗಿ ಯಾವ ಸಿಪಾಯಿಯದು ಎಂದು ತಿಳಿಯುವ ದಾರಿ ಬಹುಪಾಲು ಮುಚ್ಚಿದೆ.

ಹೆಸರು ಸಿಗುವುದು ಮೊದಲ ಮಹಾಯುದ್ಧದ ಪದಕಗಳಲ್ಲಿ, ನಮ್ಮ ಭಾಗದ ಮನೆಗಳಲ್ಲಿ ಹೆಚ್ಚಾಗಿ ಇರುವುದೂ ಅವೇ. ಸಾಮಾನ್ಯವಾಗಿ ಅವು ಜೋಡಿಯಾಗಿರುತ್ತವೆ. ಒಂದು ಬೆಳ್ಳಿಯ ಬ್ರಿಟಿಷ್ ವಾರ್ ಮೆಡಲ್: ಒಂದು ಬದಿಗೆ ಐದನೆಯ ಜಾರ್ಜ್ ದೊರೆಯ ಮುಖ, ಇನ್ನೊಂದಕ್ಕೆ ಬರಿಮೈಯ ಕುದುರೆ ಸವಾರ, ಕುದುರೆಯ ಕಾಲಡಿಯಲ್ಲಿ ಶತ್ರು ಸಾಮ್ರಾಜ್ಯಗಳ ಹದ್ದಿನ ಗುರಾಣಿ. ಮತ್ತೊಂದು ಕಂಚಿನ ವಿಕ್ಟರಿ ಮೆಡಲ್: ರೆಕ್ಕೆಯುಳ್ಳ ವಿಜಯದೇವತೆ, ಕಾಮನಬಿಲ್ಲಿನ ಬಣ್ಣದ ರಿಬ್ಬನ್. ಯುದ್ಧದ ಮೊದಲ ವರ್ಷಗಳಲ್ಲೇ ರಣರಂಗಕ್ಕೆ ಹೋದವರಿಗೆ ಇವೆರಡರ ಜೊತೆ ಕಂಚಿನ ನಕ್ಷತ್ರವೂ ಇರುತ್ತದೆ. ವಾರ್ ಮೆಡಲ್ ಬೆಳ್ಳಿಯ ಬದಲು ಕಂಚಿನದಾಗಿದ್ದರೆ ಅದನ್ನು ಅಗ್ಗದ್ದೆಂದು ಬದಿಗಿಡಬಾರದು. ಲೇಬರ್ ಕೋರ್‌ನಂಥ ದಳಗಳಲ್ಲಿ ಬಂದೂಕು ಹಿಡಿಯದೆ ರಸ್ತೆ ಕಡಿದ, ಮೂಟೆ ಹೊತ್ತ ಕೂಲಿಗಳಿಗೆ ಸರ್ಕಾರ ಕೊಟ್ಟದ್ದು ಕಂಚಿನದೇ. ಸಂಖ್ಯೆಯಲ್ಲಿ ಅವು ಕಡಿಮೆ, ಅವುಗಳ ಹಿಂದಿನ ಜನರ ಬಗ್ಗೆ ಬರೆದಿಟ್ಟದ್ದು ಇನ್ನೂ ಕಡಿಮೆ. ಆದ್ದರಿಂದ ಇತಿಹಾಸಕ್ಕೆ ಬೆಳ್ಳಿಯದಕ್ಕಿಂತ ಇವೇ ಹೆಚ್ಚು ಬೇಕಾದವು.

ಮುಖ್ಯ ಸಾಕ್ಷಿ ಇರುವುದು ಪದಕದ ಮುಖದ ಮೇಲೂ ಅಲ್ಲ, ಬೆನ್ನ ಮೇಲೂ ಅಲ್ಲ, ಅಂಚಿನಲ್ಲಿ. ವಾರ್ ಮೆಡಲನ್ನು ಬೆಳಕಿಗೆ ಓರೆಯಾಗಿ ಹಿಡಿದು ನಿಧಾನಕ್ಕೆ ತಿರುಗಿಸಿದರೆ ಸಣ್ಣ ಇಂಗ್ಲಿಷ್ ಅಕ್ಷರಗಳ ಸಾಲೊಂದು ಕಾಣುತ್ತದೆ: ಮೊದಲು ಸೈನಿಕನ ಸಂಖ್ಯೆ, ಆಮೇಲೆ ದರ್ಜೆ, ಹೆಸರು, ಕೊನೆಗೆ ಪಲ್ಟನ್ನು. ನಕ್ಷತ್ರದ ಪದಕದಲ್ಲಾದರೆ ಈ ಬರಹ ಹಿಂಬದಿಯಲ್ಲಿರುತ್ತದೆ. ಬೆಳಗಾವಿ, ಧಾರವಾಡ, ವಿಜಯಪುರ ಕಡೆಯವರ ಪದಕಗಳಲ್ಲಿ 103, 105, 110, 114, 116, 117 ಈ ಸಂಖ್ಯೆಗಳ ಮರಾಠಾ ಪಲ್ಟನ್ನುಗಳ ಹೆಸರು ಬರುವ ಸಂಭವವಿದೆ. ಇವುಗಳಲ್ಲಿ 103, 110, 117ನೇ ಪಲ್ಟನ್ನುಗಳು ಮೆಸೊಪೊಟೇಮಿಯಾದ ಕುತ್ ಎಂಬಲ್ಲಿ ತುರ್ಕರ ಮುತ್ತಿಗೆಗೆ ಸಿಕ್ಕಿ, ಹಸಿವಿನಿಂದ ಬಳಲಿ 1916ರ ಏಪ್ರಿಲ್ 29ರಂದು ಶರಣಾದವು. ಸೆರೆಯಾದವರಲ್ಲಿ ಬಹಳ ಮಂದಿ ಮರಳಲಿಲ್ಲ. ಅಂಚಿನ ಮೇಲಿನ ಮೂರಂಕಿಯ ಆ ಸಂಖ್ಯೆಯೊಂದರಿಂದಲೇ ಮುತ್ಯಾ ಯಾವ ಮರಳುಗಾಡಿನಲ್ಲಿ ಇದ್ದಿರಬಹುದು ಎಂದು ಊಹಿಸಲು ಸಾಧ್ಯವಾಗುತ್ತದೆ. 1922ರಲ್ಲಿ ಈ ಪಲ್ಟನ್ನುಗಳನ್ನೆಲ್ಲ ಸೇರಿಸಿ 5ನೇ ಮರಾಠಾ ಲೈಟ್ ಇನ್‌ಫೆಂಟ್ರಿ ಎಂಬ ಒಂದೇ ರೆಜಿಮೆಂಟ್ ಮಾಡಿದರು. ಆದ್ದರಿಂದ ಮೂರಂಕಿಯ ಸಂಖ್ಯೆ ಕಂಡರೆ ಅದು 1922ಕ್ಕಿಂತ ಹಿಂದಿನ ಸೈನಿಕನದು. ಆ ರೆಜಿಮೆಂಟಿನ ಕೇಂದ್ರ ಇಂದಿಗೂ ಬೆಳಗಾವಿಯಲ್ಲಿದೆ. ಅದರ ಬಿಲ್ಲೆಯಲ್ಲಿ ಕಹಳೆಯ ಚಿಹ್ನೆಯನ್ನು ನೋಡಬಹುದು.

ಮೈಸೂರು ಸಂಸ್ಥಾನದ ಕಡೆಯ ಪದಕಗಳಲ್ಲಿ ಇಂಪೀರಿಯಲ್ ಸರ್ವಿಸ್ ಲ್ಯಾನ್ಸರ್ಸ್ ಎಂಬುದರ ಸಂಕ್ಷಿಪ್ತ ರೂಪ ಇರುತ್ತದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಜೋಧಪುರದ ಸವಾರರ ಜೊತೆ ಸೇರಿ ಗೆದ್ದವರು ಇವರೇ. ಸಂಸ್ಥಾನದ ಲಾಂಛನವಾದ ಗಂಡಭೇರುಂಡವಿರುವ ಬಿಲ್ಲೆಗಳನ್ನು ಸಂಗ್ರಾಹಕರು ಈಗ ಹುಡುಕಿಕೊಂಡು ಬರುತ್ತಾರೆ.

ಹೆಸರು ಸಿಕ್ಕ ಮೇಲೆ ಊರು ಹುಡುಕಬೇಕು. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ದಾಖಲೆಗಳಲ್ಲಿ ಮಡಿದ ಸೈನಿಕರ ಹೆಸರಿನ ಮುಂದೆ ಅನೇಕ ಕಡೆ ತಂದೆಯ ಹೆಸರು, ಊರು, ತಾಲ್ಲೂಕು, ಜಿಲ್ಲೆ ಕೊಟ್ಟಿದ್ದಾರೆ. ಇಲ್ಲಿ ಎಡವುವವರೇ ಹೆಚ್ಚು. ಬಾಗಲಕೋಟೆ ತಾಲ್ಲೂಕಿನ ಶಿರೂರನ್ನೇ ತೆಗೆದುಕೊಂಡರೆ ತೊಡಕು ಸ್ಪಷ್ಟವಾಗುತ್ತದೆ. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. ಯುದ್ಧಕಾಲದಲ್ಲಿ ಬಾಗಲಕೋಟೆ, ಬಾದಾಮಿ, ಹುನಗುಂದ ತಾಲ್ಲೂಕುಗಳು ಮುಂಬಯಿ ಪ್ರಾಂತದ ಬಿಜಾಪುರ ಜಿಲ್ಲೆಯಲ್ಲಿದ್ದವು. ಇಳಕಲ್ಲು ಹುನಗುಂದ ತಾಲ್ಲೂಕಿಗೆ ಸೇರಿತ್ತು. ಪಕ್ಕದ ಮುಧೋಳ, ಜಮಖಂಡಿಗಳಾದರೋ ಬೇರೆ ಸಂಸ್ಥಾನಗಳು. ಹಾಗಾಗಿ ಬಾಗಲಕೋಟೆ ಜಿಲ್ಲೆ ಎಂದು ಹುಡುಕಿದರೆ ಏನೂ ಸಿಗದು, ಬಿಜಾಪುರ ಎಂದು ಹುಡುಕಬೇಕು. ಇನ್ನು ಶಿರೂರು ಎಂಬ ಹೆಸರಿನ ಊರುಗಳು ಒಂದೆರಡಲ್ಲ. ಉಡುಪಿ ಜಿಲ್ಲೆಯಲ್ಲೊಂದು, ಉತ್ತರ ಕನ್ನಡದ ಅಂಕೋಲಾ ತಾಲ್ಲೂಕಿನಲ್ಲೊಂದು, ಪುಣೆ ಜಿಲ್ಲೆಯಲ್ಲೊಂದು ದೊಡ್ಡ ತಾಲ್ಲೂಕು ಕೇಂದ್ರ ಇವೆ. ಮರಾಠಾ ಪಲ್ಟನ್ನಿನ ಸಿಪಾಯಿಯ ಊರು ಶಿರೂರು ಎಂದಷ್ಟೇ ಇದ್ದರೆ ಅವನು ಪುಣೆ ಕಡೆಯವನಾಗಿರುವ ಸಾಧ್ಯತೆ ಬಲವಾಗಿದೆ. ಇಂಗ್ಲಿಷ್ ಗುಮಾಸ್ತರು ಊರಿನ ಹೆಸರನ್ನು ಕಿವಿಗೆ ಬಿದ್ದಂತೆ ಬರೆದುಕೊಂಡದ್ದರಿಂದ ಸಿರೂರ, ಶಿರೂರ, ಸಿರೂರು ಎಲ್ಲ ರೂಪಗಳಲ್ಲೂ ಹುಡುಕಬೇಕಾಗುತ್ತದೆ. ತಾಲ್ಲೂಕು, ಜಿಲ್ಲೆ, ತಂದೆಯ ಹೆಸರು ಮೂರೂ ಹೊಂದಿದಾಗ ಮಾತ್ರ ಇವರು ನಮ್ಮವರೇ ಎಂದು ಹೇಳಬಹುದು. ಮನೆಯಲ್ಲಿ ಪಿಂಚಣಿ ಪುಸ್ತಕವೋ ಸೇವೆಯಿಂದ ಬಿಡುಗಡೆಯಾದ ಕಾಗದವೋ ಉಳಿದಿದ್ದರೆ ಕೆಲಸ ಬಹಳ ಹಗುರ.

ಎರಡನೆಯ ಮಹಾಯುದ್ಧದ ನಕ್ಷತ್ರ ಪದಕಗಳು ನೋಡಲು ಎಲ್ಲವೂ ಒಂದೇ: ಆರು ಮೊನೆ, ನಡುವೆ ದೊರೆಯ ಮುದ್ರೆ, ಸುತ್ತ ರಣರಂಗದ ಹೆಸರು. ರಿಬ್ಬನ್ನಿನ ಬಣ್ಣದಿಂದ ದೂರದಿಂದಲೇ ತಿಳಿಯುತ್ತದೆ. ಆಫ್ರಿಕಾ ಸ್ಟಾರಿನದು ಮರಳಿನ ಬಣ್ಣ, ಇಟಲಿ ಸ್ಟಾರಿನಲ್ಲಿ ಆ ದೇಶದ ಬಾವುಟದ ಕೆಂಪು, ಬಿಳಿ, ಹಸಿರು. ಬ್ರಿಟಿಷ್ ಸೈನಿಕರಿಗೆ ಈ ನಕ್ಷತ್ರಗಳನ್ನು ಹೆಸರಿಲ್ಲದೆ ಕೊಟ್ಟರೆ ಭಾರತೀಯ ಸೇನೆಯವರಿಗೆ ಹೆಸರು ಅಚ್ಚು ಮಾಡಿಯೇ ಕೊಟ್ಟರು. ಇಟಲಿಯಲ್ಲಿ ಮರಾಠಾ ರೆಜಿಮೆಂಟಿನ ಯಶವಂತ ಘಾಡ್ಗೆ 1944ರಲ್ಲಿ, ನಾಮದೇವ ಜಾಧವ 1945ರಲ್ಲಿ ವಿಕ್ಟೋರಿಯಾ ಕ್ರಾಸ್ ಗಳಿಸಿದರು. ರಣರಂಗಕ್ಕೆ ಹೋಗದೆ ದೇಶದೊಳಗೇ ದುಡಿದವರಿಗೆ ಸಿಕ್ಕದ್ದು ಇಂಡಿಯಾ ಸರ್ವಿಸ್ ಮೆಡಲ್. ಹಿಂಬದಿಯಲ್ಲಿ ಅವಿಭಜಿತ ಭಾರತದ ನಕಾಶೆ ಇರುವುದರಿಂದ ಅದನ್ನು ಗುರುತಿಸುವುದು ಸುಲಭ.

ಬಿಲ್ಲೆ ಮತ್ತು ಗುಂಡಿಗಳಿಗೆ ಹೆಸರಿಲ್ಲ, ಅಲ್ಲಿ ಕಾಲ ಹೇಳುವುದು ಕಿರೀಟ. 1901ರಿಂದ 1952ರವರೆಗಿನ ದೊರೆಗಳ ಕಾಲದ ಕಿರೀಟದ ಕಮಾನುಗಳು ಗುಮ್ಮಟದಂತೆ ದುಂಡಗೆ ಮೇಲೇರುತ್ತವೆ. ಎಲಿಜಬೆತ್ ರಾಣಿಯ ಕಾಲದ ಕಿರೀಟದಲ್ಲಿ ಕಮಾನುಗಳು ಕೂಡುವಲ್ಲಿ ನಡುವೆ ತಗ್ಗಿದೆ. ಭಾರತ 1950ರ ಜನವರಿ 26ರಂದು ಗಣರಾಜ್ಯವಾಗಿ ಕಿರೀಟದ ಜಾಗಕ್ಕೆ ಅಶೋಕನ ಸಿಂಹ ಬಂತು. ಎಲಿಜಬೆತ್ ಪಟ್ಟಕ್ಕೆ ಬಂದದ್ದು 1952ರಲ್ಲಿ. ಹೀಗಾಗಿ ಎಲಿಜಬೆತ್ ಕಾಲದ ಕಿರೀಟವಿರುವ ಬಿಲ್ಲೆಯನ್ನು ಹಳೆಯ ಭಾರತೀಯ ಪಲ್ಟನ್ನಿನದೆಂದು ಯಾರಾದರೂ ಮಾರಲು ಬಂದರೆ ಮಾತು ಮುಂದುವರಿಸುವ ಅಗತ್ಯವಿಲ್ಲ.

ನಕಲಿಯ ಹಾವಳಿ ಜಗತ್ತಿನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿರುವುದು ಹಿಟ್ಲರನ ಕಾಲದ ಜರ್ಮನಿಯ ವಸ್ತುಗಳಲ್ಲಿ. ಎಸ್‌ಎ ಎಂಬ ಕಂದು ಅಂಗಿಯ ದಂಡು, ಎಸ್‌ಎಸ್ ಮೊದಲಾದ ಅರೆಸೇನಾ ಪಡೆಗಳ ಸಮವಸ್ತ್ರ, ಬಿಲ್ಲೆಗಳಿಗೆ ನಾಜಿ ಪಕ್ಷದ ಸರಬರಾಜು ಕಚೇರಿ ಆರ್‌ಜೆಡ್‌ಎಂ ಎಂಬ ಮುದ್ರೆಯನ್ನೂ ತಯಾರಕನ ಸಂಕೇತ ಸಂಖ್ಯೆಯನ್ನೂ ಕಡ್ಡಾಯ ಮಾಡಿತ್ತು. ಲೋಹದ ಬಿಲ್ಲೆಗೆ ಎಂ1, ಬಾಕುವಿಗೆ ಎಂ7 ಹೀಗೆ ವರ್ಗಗಳಿದ್ದವು. ವರ್ಗ ಮತ್ತು ವಸ್ತು ಹೊಂದದಿದ್ದರೆ ಅನುಮಾನ ಅಲ್ಲಿಂದಲೇ ಶುರು. ಬಟ್ಟೆಯ ಪಟ್ಟಿಗಳನ್ನು ಕತ್ತಲಲ್ಲಿ ನೇರಳಾತೀತ ದೀಪದಡಿ ಹಿಡಿಯುತ್ತಾರೆ: ಯುದ್ಧಾನಂತರ ಬಳಕೆ ಹೆಚ್ಚಿದ ಹೊಳಪಿನ ರಾಸಾಯನಿಕ ಹಾಕಿದ ದಾರ ನೀಲಿಬಿಳುಪಾಗಿ ಮಿನುಗುತ್ತದೆ, ಹಳೆಯ ದಾರ ಮಂಕಾಗಿಯೇ ಇರುತ್ತದೆ. ಈ ಪರೀಕ್ಷೆ ನಮ್ಮ ರಿಬ್ಬನ್ನುಗಳಿಗೂ ಸಲ್ಲುತ್ತದೆ. ಈ ನಾಜಿ ವಸ್ತುಗಳು ಲಕ್ಷಾಂತರ ಜನರನ್ನು ಕೊಂದ ಪಡೆಗಳ ಚಿಹ್ನೆಗಳು ಎಂಬುದನ್ನು ಸಂಗ್ರಾಹಕ ಮರೆಯುವಂತಿಲ್ಲ. ಜರ್ಮನಿಯ ದಂಡ ಸಂಹಿತೆಯ 86ಎ ಕಲಮು ಅವನ್ನು ಸಾರ್ವಜನಿಕವಾಗಿ ತೋರಿಸುವುದನ್ನು ನಿಷೇಧಿಸಿದೆ. ಅಧ್ಯಯನ, ಶಿಕ್ಷಣದಂಥ ಉದ್ದೇಶಗಳಿಗೆ ವಿನಾಯಿತಿ ಇದೆ.

ಈ ಜರ್ಮನ್ ವಸ್ತುಗಳ ನಡುವೆ ಭಾರತದ್ದೂ ಒಂದು ಪುಟವಿದೆ. ಉತ್ತರ ಆಫ್ರಿಕಾದಲ್ಲಿ ಸೆರೆಸಿಕ್ಕ ಭಾರತೀಯ ಸೈನಿಕರಿಂದ ಸುಭಾಷಚಂದ್ರ ಬೋಸರು ಜರ್ಮನಿಯಲ್ಲಿ ಕಟ್ಟಿದ ದಳ ಜರ್ಮನ್ ಸೇನೆಯ 950ನೇ ಪದಾತಿ ರೆಜಿಮೆಂಟಾಯಿತು. ಅವರ ತೋಳಿನ ಮೇಲೆ ಕೇಸರಿ, ಬಿಳಿ, ಹಸಿರು ಬಣ್ಣದ ಗುರಾಣಿ, ಅದರಲ್ಲಿ ನೆಗೆಯುವ ಹುಲಿ, ಮೇಲೆ ಸ್ವತಂತ್ರ ಭಾರತ ಎಂಬ ಅರ್ಥದ ಜರ್ಮನ್ ಮಾತು. 1944ರ ಆಗಸ್ಟಿನಲ್ಲಿ ದಳವನ್ನು ವಾಫನ್ ಎಸ್‌ಎಸ್‌ಗೆ ವರ್ಗಾಯಿಸಿದರು. ಆಗ ಮಾಡಿಸಿದ ಹುಲಿಮುಖದ ಕಾಲರ್ ಪಟ್ಟಿಯನ್ನು ಸೈನಿಕರು ತೊಟ್ಟರೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಬೋಸರು ಸ್ಥಾಪಿಸಿದ ಶೇರ್-ಎ-ಹಿಂದ್, ಸರ್ದಾರ್-ಎ-ಜಂಗ್, ವೀರ್-ಎ-ಹಿಂದ್, ಶಹೀದ್-ಎ-ಭಾರತ್ ಪದಕಗಳನ್ನು ವಿಯೆನ್ನಾದ ಸೂವಾಲ್ ಕಂಪನಿ ತಯಾರಿಸಿತು. ಯುದ್ಧ ಮುಗಿದ ಮೇಲೂ ಆ ಕಂಪನಿ ಹಳೆಯ ಅಚ್ಚುಗಳಿಂದ ಪದಕ ಹೊಡೆದು ಮಾರಿದ್ದರಿಂದ, ಅಚ್ಚು ಅಸಲಿ ಎಂದ ಮಾತ್ರಕ್ಕೆ ಪದಕ ಯುದ್ಧಕಾಲದ್ದಾಗುವುದಿಲ್ಲ.

ನಮ್ಮ ಕಡೆಯ ಪದಕಗಳಲ್ಲಿ ನಡೆಯುವ ಮೋಸ ಬೇರೆ ತರಹದ್ದು. ಎರಕ ಹೊಯ್ದ ನಕಲು ತಣ್ಣಗಾಗುವಾಗ ಕುಗ್ಗುತ್ತದೆ. 36 ಮಿಲಿಮೀಟರ್ ಇರಬೇಕಾದ ವಾರ್ ಮೆಡಲ್ ಅದಕ್ಕಿಂತ ಕಡಿಮೆ ಬಂದರೆ, ಮೈಮೇಲೆ ಸೂಜಿಮೊನೆಯಷ್ಟು ಗುಳಿಗಳಿದ್ದರೆ ಅದು ಅಚ್ಚಿನದಲ್ಲ. ಇನ್ನೊಂದು ಮೋಸ ಇದಕ್ಕಿಂತ ಕ್ರೂರ: ಅಸಲಿ ಪದಕದ ಅಂಚನ್ನು ಅರದಿಂದ ಉಜ್ಜಿ ಬಡ ಸಿಪಾಯಿಯ ಹೆಸರನ್ನು ಅಳಿಸಿ, ಬೆಲೆ ಬರುವ ಯಾವುದೋ ಪಲ್ಟನ್ನಿನ ಹೆಸರು ಕೊರೆಯುವುದು. ಆಗಲೂ ಅಂಚು ತೆಳುವಾಗಿ ಅಳತೆ ತಪ್ಪುತ್ತದೆ.

ಮನೆಯವರೇ ತಿಳಿಯದೆ ಮಾಡುವ ಹಾನಿಯೂ ಕಡಿಮೆಯದಲ್ಲ. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದಾಗ ಪದಕ ಫಳಫಳ ಹೊಳೆಯುತ್ತದೆ, ಅಂಚಿನ ಅಕ್ಷರ ಸವೆಯುತ್ತದೆ. ಒಣಗಿದ ಮೆತ್ತನೆಯ ಬಟ್ಟೆಯಿಂದ ಒರೆಸಿ, ಆಮ್ಲವಿಲ್ಲದ ಕಾಗದದಲ್ಲಿ ಸುತ್ತಿಟ್ಟರೆ ಸಾಕು. ಹಳೆಯ ರಿಬ್ಬನ್ ಚಿಂದಿಯಾಗಿದ್ದರೂ ಕಿತ್ತೆಸೆಯಬಾರದು. ವಾರ್ ಮೆಡಲಿನಲ್ಲಿರುವುದು ಸುಮಾರು ಒಂದು ಔನ್ಸ್ ಬೆಳ್ಳಿ. 1980ರ ಸುಮಾರಿಗೆ ಬೆಳ್ಳಿಯ ಬೆಲೆ ಗಗನಕ್ಕೇರಿದಾಗ ಜಗತ್ತಿನಾದ್ಯಂತ ಇಂಥ ಪದಕಗಳು ರಾಶಿರಾಶಿಯಾಗಿ ಕರಗಿದವು.

ಕಾನೂನೂ ತಿಳಿದಿರಲಿ. 1972ರ ಪ್ರಾಚೀನ ವಸ್ತುಗಳ ಕಾಯ್ದೆಯಂತೆ ನೂರು ವರ್ಷ ದಾಟಿದ ಐತಿಹಾಸಿಕ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಮೊದಲ ಮಹಾಯುದ್ಧದ ವಸ್ತುಗಳು ಈಗ ಆ ವಯಸ್ಸಿಗೆ ಬಂದಿವೆ. ಸೈನಿಕನೆಂದು ಜನ ನಂಬಲಿ ಎಂಬ ಉದ್ದೇಶದಿಂದ ಸೇನೆಯ ಉಡುಪು, ಚಿಹ್ನೆ ತೊಡುವುದು ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಮಿನಂತೆ ಅಪರಾಧ.

ಬೆಳಗಾವಿಯ ಮರಾಠಾ ರೆಜಿಮೆಂಟಿನ ವಸ್ತುಸಂಗ್ರಹಾಲಯ, ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ವಸ್ತುಸಂಗ್ರಹಾಲಯ, 2021ರಲ್ಲಿ ಮಡಿಕೇರಿಯಲ್ಲಿ ತೆರೆದ ಜನರಲ್ ತಿಮ್ಮಯ್ಯ ವಸ್ತುಸಂಗ್ರಹಾಲಯ ಇಂಥ ವಸ್ತುಗಳನ್ನು ಅಸಲಿಯಾಗಿ ನೋಡಿ ಕಣ್ಣು ಪಳಗಿಸಿಕೊಳ್ಳಲು ತಕ್ಕ ಜಾಗಗಳು. ಮನೆಯಲ್ಲಿ ಪದಕವಿದ್ದವರು ಮೊದಲು ಅದರ ಅಂಚಿನ ಫೋಟೊ ತೆಗೆದು, ಅಕ್ಷರಗಳನ್ನು ಇದ್ದಂತೆಯೇ ಒಂದು ಕಾಗದದಲ್ಲಿ ಬರೆದುಕೊಳ್ಳಲಿ. ಅದರ ಕೆಳಗೆ ಮುತ್ಯಾನ ಹೆಸರು, ಅವರಪ್ಪನ ಹೆಸರು, ಊರು, ಹಿರಿಯರ ಬಾಯಲ್ಲಿ ಉಳಿದ ನಾಲ್ಕು ಮಾತು ಸೇರಿಸಿ ಪದಕದ ಜೊತೆಗೇ ಇಡಲಿ. ಹೇಳಬಲ್ಲ ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕು.